ಒಣಗದ ತಟ್ಟೆ

“ನೀರು ಅಂದರೆ ನೀರು! ಬಿಸಿಲಿಗಿಟ್ಟರೆ ಒಣಗಲೇಬೇಕು. ಒಣಗಲಿಲ್ಲ ಅಂದರೆ ಅದು ಕಳ್ಳತನ!” ಅಂತ ಗುಡುಗಿದ ದೇವಣಯ್ಯ.

ಈ ದೇವಣಯ್ಯ ಯಾರು ಅಂತೀರಾ? ಚಂದ್ರರಸನ ರಾಜ್ಯದಲ್ಲಿ ಕಡಲತೀರದ ಉಪ್ಪಿನ ಆಗರಗಳಿಗೆಲ್ಲ ಅಧಿಕಾರಿ. ಹುಟ್ಟಿದಂದಿನಿಂದ ಒಂದು ಹಿಡಿ ಉಪ್ಪು ಕೆರೆದವನಲ್ಲ. ದಿನಕ್ಕೆ ನಾಲ್ಕು ಹೊತ್ತು ಉಣ್ಣುವುದು, ಉಳಿದ ಹೊತ್ತಿನಲ್ಲಿ ದುಡಿಯುವವರಿಗೆ ಬುದ್ಧಿ ಹೇಳುವುದು, ಇಷ್ಟೇ ಅವನ ಕಸುಬು.

ಬೈಸಿಕೊಳ್ಳುತ್ತಿದ್ದವಳು ಹೊಸಬಿ ಅನ್ನುವ ಹೆಂಗಸು. ಅಜ್ಜಿಯ ಕಾಲದಿಂದ ಅವಳ ಮನೆಯವರದು ಅದೇ ಆಗರದಲ್ಲಿ ದುಡಿಮೆ. ಕಡಲ ನೀರು ಕಟ್ಟಿ ಬಿಸಿಲಿಗೆ ಬಿಡಬೇಕು. ಉಪ್ಪು ಹರಳುಗಟ್ಟಿದ ಮೇಲೆ ಕೊನೆಗೆ ಉಳಿಯುವ ದಪ್ಪ ಕಹಿನೀರನ್ನು ಹೊರಗೆ ಚೆಲ್ಲಬೇಕು. ಅಲ್ಲಿ ಎಲ್ಲರೂ ಮಾಡುವುದು ಹಾಗೇ.

“ನೀನು ಚೆಲ್ಲಿದ್ದು ರಾಜರ ಉಪ್ಪು! ಆ ನೀರನ್ನೂ ಕೊನೇ ಹನಿಯವರೆಗೆ ಒಣಗಿಸಿ ಕೊಡು. ಆಗದಿದ್ದರೆ ಆಗರ ಬಿಡು, ನನ್ನ ಭಾವಮೈದ ನೋಡಿಕೊಳ್ಳುತ್ತಾನೆ.”

ಓಹೋ, ಭಾವಮೈದ! ಹಾಗನ್ನಿ ಮತ್ತೆ.

ಹೊಸಬಿ ಒಂದು ಗಡಿಗೆ ಕಹಿನೀರು ಹೊತ್ತುಕೊಂಡು ನೆಟ್ಟಗೆ ಅರಮನೆಗೇ ಹೋದಳು. ಅವಳ ದೂರು ಕೇಳಿ ರಾಜ ದೇವಣಯ್ಯನನ್ನೂ ಕರೆಸಿದ.

“ಒಡೆಯಾ, ಎರಡು ತಟ್ಟೆ ತರಿಸಿ. ಒಂದಕ್ಕೆ ಒಂದು ಸೌಟು ಬಾವಿ ನೀರು, ಇನ್ನೊಂದಕ್ಕೆ ಒಂದು ಸೌಟು ಕಹಿನೀರು. ಬಿಸಿಲಲ್ಲಿ ಎರಡೂ ಒಣಗಿದರೆ ನಾನು ಆಗರ ಬಿಟ್ಟು ಹೋಗುತ್ತೇನೆ.”

“ಸಂಜೆಯೊಳಗೆ ಒಣಗುತ್ತೆ, ಗಂಟು ಕಟ್ಟಿಕೋ,” ಅಂದ ದೇವಣಯ್ಯ.

“ಅಷ್ಟು ಧೈರ್ಯ ಇದ್ದರೆ ಅಲ್ಲಿವರೆಗೆ ಊಟ ಬಿಡುತ್ತೀರಾ? ಒಂದು ಹೊತ್ತಿನ ಮಾತು ತಾನೇ?”

“ತಟ್ಟೆ ಒಣಗುವವರೆಗೆ ಒಂದು ಅಗುಳೂ ಮುಟ್ಟಲ್ಲ. ರಾಜರ ಪಾದದಾಣೆ!”

ಪೆದ್ದ! ಹೊಸಬಿ ತುಟಿ ಕಚ್ಚಿ ನಗು ತಡೆದುಕೊಂಡಳು.

ಸಂಜೆಗೆ ಬಾವಿ ನೀರಿನ ತಟ್ಟೆ ಖಾಲಿ. ಕಹಿನೀರು ಮಾತ್ರ ಹಾಗೇ ಮಿರಮಿರ ಮಿಂಚುತ್ತಿತ್ತು. ಮರುದಿನ ಬೆಳಿಗ್ಗೆ ನೋಡಿದರೆ, ಅಯ್ಯೋ, ನೀರು ಜಾಸ್ತಿಯೇ ಆಗಿದೆ!

“ಮೋಸ! ಯಾರೋ ನೀರು ಸುರಿದಿದ್ದಾರೆ!”

“ಕಾವಲಿಗಿದ್ದವರು ಯಾರಯ್ಯಾ?” ರಾಜ ಕೇಳಿದ.

“ನನ್ನ ಆಳುಗಳೇ, ಪ್ರಭು,” ಅಂದ ದೇವಣಯ್ಯ. ದನಿ ನೆಲಕ್ಕಿಳಿದಿತ್ತು.

“ಯಾರೂ ಸುರಿದಿಲ್ಲ ಒಡೆಯಾ,” ಅಂದಳು ಹೊಸಬಿ. “ಸಪ್ಪೆ ನೀರು ಸಲೀಸಾಗಿ ಆವಿಯಾಗುತ್ತೆ. ಉಪ್ಪು ಕರಗಿದಷ್ಟೂ ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತೆ, ಆವಿ ಏಳುವುದು ನಿಧಾನವಾಗುತ್ತೆ. ಈ ಕಹಿಯಂತೂ ಮಹಾ ಜಿಪುಣ. ತನ್ನದನ್ನು ಬಿಡುವುದಿರಲಿ, ಕಡಲ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತೆ.”

“ಎಲ್ಲಾ ಬೊಗಳೆ!” ದೇವಣಯ್ಯ ತಾನೇ ಬೀಸಣಿಗೆ ಹಿಡಿದು ತಟ್ಟೆಯ ಮುಂದೆ ಕೂತ. ಬೀಸಿದ, ಊದಿದ. ಅತ್ತ ಅರಮನೆಯ ಅಡುಗೆಮನೆಯಿಂದ ಒಗ್ಗರಣೆಯ ಘಮ. ಇತ್ತ ಅವನ ಹಣೆಯ ಬೆವರು ತೊಟ್ಟಿಕ್ಕಿ ತಟ್ಟೆಗೇ ಬಿತ್ತು. ನೋಡಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ನಗಬೇಡವೇ ಮತ್ತೆ?

ಮೂರನೇ ದಿನ ಅವನ ಕಣ್ಣು ಗುಳಿ ಬಿದ್ದಿತ್ತು. ಆಣೆ ಮುರಿದರೆ ತಲೆ ಹೋಗುತ್ತೆ, ಮುರಿಯದಿದ್ದರೆ ಜೀವ.

“ಏನಾದರೂ ದಾರಿ ತೋರಿಸು ತಾಯಿ,” ಅಂತ ಹೊಸಬಿಗೇ ಕೈ ಮುಗಿದ.

“ತಟ್ಟೆ ಒಣಗಬೇಕು, ಅಷ್ಟೇ ತಾನೇ? ನೆಕ್ಕಿಬಿಡಿ.”

ಆಗಬಹುದು ಅಂತ ರಾಜ ತಲೆಯಾಡಿಸಿದ. ಹಸಿದವನಿಗೆ ನಾಚಿಕೆ ಎಲ್ಲಿ ಬಂತು? ದೇವಣಯ್ಯ ತಟ್ಟೆ ಎತ್ತಿ ಒಂದೇ ಸಲಕ್ಕೆ ನೆಕ್ಕಿದ. ಮುಖ ಕಿವುಚಿಹೋಯಿತು.

“ಥೂ! ಥೂ! ಇದು ಉಪ್ಪೇ ಅಲ್ಲ, ಬರೀ ಕಹಿ! ಇಂಥದ್ದನ್ನ ಯಾರಾದರೂ ಇಟ್ಟುಕೊಳ್ಳುತ್ತಾರಾ? ಚೆಲ್ಲಿ ಆಚೆಗೆ!”

ಹೊಸಬಿ ರಾಜನ ಕಡೆ ತಿರುಗಿದಳು.

“ಕೇಳಿದಿರಾ ಒಡೆಯಾ? ನಾನು ಮಾಡಿದ್ದೂ ಅದನ್ನೇ.”

ರಾಜ ಬಿದ್ದು ಬಿದ್ದು ನಕ್ಕ. ಆಗರ ಹೊಸಬಿಯ ಕೈಯಲ್ಲೇ ಉಳಿಯಿತು. ಗಡಿಗೆಯಲ್ಲಿ ಮಿಕ್ಕ ಕಹಿನೀರನ್ನು ದೇವಣಯ್ಯನ ಭಾವಮೈದನ ಮನೆಗೆ ಕಳಿಸಲಾಯಿತು.