ಪಂಪಾಪತಿಯವರ ಬಿರುದು

ಪುರಸಭೆಯ ಗುಮಾಸ್ತ ಗುರುಬಸಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ. ಅವನ ಕಂಪ್ಯೂಟರಿನ ಸ್ಕ್ರೀನ್ ರೀಡರ್ ಪರದೆಯ ಮೇಲಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಒಂದು ದಿನ ಅದು "ಪಂಪಾಪತಿ" ಎಂದದ್ದು ಮ್ಯಾನೇಜರ್ ಪಂಪಾಪತಿಯವರ ಕಿವಿಗೇ ಬಿತ್ತು.

"ಏನಯ್ಯಾ, ನಿನ್ನ ಮಷೀನು ನನ್ನನ್ನ ಬರೀ ಹೆಸರು ಹಿಡಿದು ಕರೀತದೆ! ನನ್ನ ಬಿರುದೆಲ್ಲ ಎಲ್ಲಿ ಹೋಯ್ತು? ಬೇಗ ಸರಿ ಮಾಡು. ಇಲ್ಲಾಂದ್ರೆ ಅದನ್ನ ಗೋಡೌನಿಗೆ ಹಾಕಿಸ್ತೀನಿ."

ಮಷೀನು ಹೋದರೆ ಗುರುಬಸಪ್ಪ ಕೈಕಟ್ಟಿ ಕೂರಬೇಕು. ಸ್ಕ್ರೀನ್ ರೀಡರ್ ತಾನು ಹೇಳಿದಂತೆ ಕೇಳುವ ಹಾಗೆ ಸ್ಕ್ರಿಪ್ಟ್ ಬರೆಯುವುದನ್ನು ಅವನು ಆಗಷ್ಟೇ ಕಲಿಯುತ್ತಿದ್ದ. ಮೊದಲ ಸಲ ಬರೆದಾಗ ಬಿರುದೆಲ್ಲ ಕಸದ ಗಾಡಿಯ ಹೆಸರಿಗೆ ಹೋಗಿ ಅಂಟಿತು. ತಿದ್ದಿದ. ಆಮೇಲೆ ಪಂಪಾಪತಿ ಎಂಬ ಹೆಸರು ಬಂದಲ್ಲೆಲ್ಲ ಬಿರುದೂ ಬರತೊಡಗಿತು. ಮ್ಯಾನೇಜರು ಕೇಳಿ ಮೀಸೆ ತಿರುವಿದರು.

ಮರುವಾರ ಜಿಲ್ಲೆಯಿಂದ ದೊಡ್ಡ ಸಾಹೇಬರು ಬಂದರು. "ಊರಿನವರ ದೂರು ಏನೇನಿದೆ, ಓದಿಸಪ್ಪ" ಎಂದರು. ಗುರುಬಸಪ್ಪ ಕೀ ಒತ್ತಿದ.

"ಕಾಯಕಯೋಗಿ, ಸಮಾಜಭೂಷಣ, ಗೌರವ ಡಾಕ್ಟರ್ ಪಂಪಾಪತಿಯವರು ಊಟಕ್ಕೆ ಹೋದರೆ ತಿರುಗಿ ಬರುವುದಿಲ್ಲ," ಎಂದಿತು ಮಷೀನು. "ನಲ್ಲಿ ರಿಪೇರಿ ಕೇಳಿದರೆ ಕಾಯಕಯೋಗಿ, ಸಮಾಜಭೂಷಣ, ಗೌರವ ಡಾಕ್ಟರ್ ಪಂಪಾಪತಿಯವರು ಬೈದು ಕಳಿಸುತ್ತಾರೆ."

ಸಾಹೇಬರು ನಗು ತಡೆಯಲಾರದೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು.

"ನಿಲ್ಸೋ ಅದನ್ನ!" ಪಂಪಾಪತಿಯವರು ಬೆವೆತುಹೋದರು.

"ಯಾವುದನ್ನ ಸಾರ್? ಬಿರುದಾದ್ರೆ ಈಗಲೇ ತೆಗೀತೀನಿ. ದೂರು ನಿಲ್ಲೋದು ತಮ್ಮ ಕೈಲಿದೆ."

"ಎರಡೂ ನಡೀಲಿ ಬಿಡಪ್ಪ, ನನಗೆ ಪುರುಸೊತ್ತಿದೆ" ಎಂದು ಸಾಹೇಬರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.