ಮೂರನೆಯ ಕಂಬ

"ಓಡಲು ಬಾರದ ಮಗುವನ್ನು ಅಭ್ಯಾಸಕ್ಕೆ ಕೂರಿಸಿಕೊಂಡರೆ ಓಡಬಲ್ಲ ಮಕ್ಕಳಿಗೆ ಅನ್ಯಾಯ. ಕೂರಿಸಿಕೊಳ್ಳದೆ ಹೋದರೆ ಆ ಮಗುವಿಗೆ ಅನ್ಯಾಯ. ಯಾರಿಗೆ ಅನ್ಯಾಯ ಮಾಡಲಿ, ಗುರುಗಳೇ?"

ಹೀಗೆ ಕೇಳಿದವಳು ದಾಕ್ಷಾಯಿಣಿ. ಆಶ್ರಮದ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಖೋ ಖೋ ಕಲಿಸುತ್ತಿದ್ದಳು. ತಾಲ್ಲೂಕು ಪಂದ್ಯ ಹತ್ತಿರ ಬಂದಿತ್ತು. ತಂಡದಲ್ಲಿ ಇಂಚರ ಎಂಬ ಹುಡುಗಿ ಇದ್ದಳು. ಓಟದಲ್ಲಿ ಎಮ್ಮೆಗೂ ದಾರಿ ಬಿಟ್ಟುಕೊಡುವಂಥವಳು. ಅವಳನ್ನು ಅಭ್ಯಾಸದಿಂದ ಬಿಡಿಸಿ ಎಂದು ಉಳಿದ ಹುಡುಗಿಯರ ತಾಯಂದಿರು ಬಂದು ಹೇಳಿ ಹೋಗಿದ್ದರು. ನಾಳೆ ಬೆಳಿಗ್ಗೆ ಅಂಗಳಕ್ಕೆ ಇಳಿಯುವ ಮೊದಲು ದಾಕ್ಷಾಯಿಣಿ ಒಂದು ತೀರ್ಮಾನ ಮಾಡಬೇಕಿತ್ತು.

ಗುರುಗಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಇದುವರೆಗೆ ಏನು ಮಾಡಿದ್ದೀಯ?" ಎಂದರು.

"ನಾನಂತೂ ಅವಳನ್ನು ಹೊರಗೆ ನಿಲ್ಲಿಸಿದವಳೇ ಅಲ್ಲ. ದಿನವೂ ಎಲ್ಲರ ಜೊತೆ ಸಾಲಿನಲ್ಲಿ ಕೂರಿಸಿದ್ದೇನೆ. ನೀರಿನ ಕೊಡದ ಉಸ್ತುವಾರಿಯನ್ನೂ ಅವಳಿಗೇ ಕೊಟ್ಟಿದ್ದೇನೆ, ಮನಸ್ಸಿಗೆ ಬೇಜಾರಾಗದಿರಲಿ ಅಂತ."

ಹೇಳುವಾಗ ದಾಕ್ಷಾಯಿಣಿಗೆ ತನ್ನ ಮೇಲೆ ತನಗೇ ಸಣ್ಣದೊಂದು ಮೆಚ್ಚುಗೆ ಮೂಡಿತು. ಗುರುಗಳು ಅದನ್ನು ಕಂಡರೋ ಇಲ್ಲವೋ. ಒಂದು ಹಿಡಿ ಅವರೆಕಾಯಿಯನ್ನು ಅವಳ ಮುಂದೆ ಸುರಿದು, "ಸುಲಿ. ಒಂದು ಕತೆ ಹೇಳುತ್ತೇನೆ" ಎಂದರು.

ಒಂದೂರಿನಲ್ಲಿ ಒಬ್ಬ ಆಟದ ಮೇಷ್ಟ್ರಿದ್ದರು. ಒಳ್ಳೆಯ ಮನುಷ್ಯ. ತಮ್ಮ ಒಳ್ಳೆಯತನ ಅವರಿಗೆ ಗೊತ್ತೂ ಇತ್ತು. ಅದೊಂದು ಕುಂದು ಬಿಟ್ಟರೆ ಬೇರೆ ಕುಂದಿರಲಿಲ್ಲ. ಊರ ಹೆಣ್ಣುಮಕ್ಕಳನ್ನು ಸೇರಿಸಿ ಖೋ ಖೋ ಕಲಿಸುತ್ತಿದ್ದರು.

ಆಟ ಎಲ್ಲರಿಗೂ ಗೊತ್ತಿರುವುದೇ. ಎರಡು ಕಂಬ. ನಡುವೆ ಒಂದು ಗೆರೆ. ಗೆರೆಯ ಮೇಲೆ ಎಂಟು ಚೌಕ, ಚೌಕಕ್ಕೊಬ್ಬರಂತೆ ಎಂಟು ಮಂದಿ ಕೂರುತ್ತಾರೆ. ಒಬ್ಬಳ ಮುಖ ಈ ಕಡೆಗಾದರೆ ಪಕ್ಕದವಳ ಮುಖ ಆ ಕಡೆಗೆ. ಒಂಬತ್ತನೆಯವಳು ಎದುರಾಳಿಯನ್ನು ಅಟ್ಟುತ್ತಾಳೆ. ಎದುರಾಳಿ ಸಾಲಿನ ನಡುವೆ ನುಸುಳಿ ಆಚೆ ಹೋಗಬಹುದು, ಅಟ್ಟುವವಳು ನುಸುಳುವಂತಿಲ್ಲ. ಆಚೆ ಕಡೆ ಮುಖ ಮಾಡಿ ಕೂತವಳೊಬ್ಬಳ ಬೆನ್ನಿಗೆ ತಟ್ಟಿ "ಖೋ" ಅನ್ನಬೇಕು. ತಟ್ಟಿಸಿಕೊಂಡವಳು ಎದ್ದು ಓಡುತ್ತಾಳೆ. ತಟ್ಟಿದವಳು ಅವಳ ಚೌಕದಲ್ಲಿ ಕೂರುತ್ತಾಳೆ. ಲೋಕದಲ್ಲಿ ಬೆನ್ನ ಹಿಂದಿನಿಂದ ಬಂದವರು ಸಾಮಾನ್ಯವಾಗಿ ಬೀಳಿಸುತ್ತಾರೆ. ಎಬ್ಬಿಸುವುದು ಈ ಆಟದಲ್ಲಿ ಮಾತ್ರ.

ಒಂದು ದಿನ ಒಬ್ಬ ತಾಯಿ ಮಗಳನ್ನು ಕರೆತಂದಳು. "ಓಡೋಕೆ ಅಷ್ಟಾಗಿ ಬರಲ್ಲ ಮೇಷ್ಟ್ರೇ. ಆದ್ರೆ ಮನೇಲಿ ಕೂತು ಕಿಟಕಿ ನೋಡ್ತಾಳೆ. ಇಲ್ಲೇ ಕೂರಲಿ" ಎಂದಳು. ಮೇಷ್ಟ್ರು ಬೇಡ ಎನ್ನಲಿಲ್ಲ. ನಡುವಿನ ಒಂದು ಚೌಕ ತೋರಿಸಿದರು. ಹುಡುಗಿ ಕೂತಳು.

ಮೊದಲ ದಿನ ಯಾರೋ ಅವಳಿಗೆ ಖೋ ಕೊಟ್ಟರು. ಎದ್ದಳು. ಎದ್ದ ಗಾಬರಿಯಲ್ಲಿ ಹಿಂದಕ್ಕೆ ತಿರುಗಿ ಗೆರೆ ದಾಟಿಬಿಟ್ಟಳು. ಮೇಷ್ಟ್ರು ಸೀಟಿ ಊದಿದರು. ಮಾರನೆಯ ದಿನ ಮತ್ತೊಮ್ಮೆ ಕೊಟ್ಟರು. ಈ ಸಲ ಗೆರೆ ದಾಟಲಿಲ್ಲ, ಲಂಗ ಕಾಲಿಗೆ ಸಿಕ್ಕಿ ಬಿದ್ದಳು. ಮೂರನೆಯ ದಿನದಿಂದ ಯಾರೂ ಕೊಡಲಿಲ್ಲ. ಹೀಗೆ ಅಂತ ಯಾರೂ ಮಾತಾಡಿಕೊಂಡಿರಲಿಲ್ಲ. ಮಕ್ಕಳು ಇಂಥದ್ದನ್ನು ಮಾತಿಲ್ಲದೆಯೇ ತೀರ್ಮಾನಿಸುತ್ತಾರೆ, ದೊಡ್ಡವರಿಗೆ ಅದಕ್ಕೊಂದು ಸಭೆ ಬೇಕು.

ಆಟ ನಡೆಯುತ್ತ ಹೋದಂತೆ ಉಳಿದವರ ಜಾಗ ಬದಲಾಗುತ್ತಿತ್ತು. ಈ ತುದಿಯವಳು ಆ ತುದಿಗೆ ಹೋಗುತ್ತಿದ್ದಳು, ಆ ತುದಿಯವಳು ನಡುವೆ ಬರುತ್ತಿದ್ದಳು. ಈ ಹುಡುಗಿ ಮಾತ್ರ ಕೂತಲ್ಲೇ ಕೂತಿರುತ್ತಿದ್ದಳು. ಒಬ್ಬ ತುಂಟಿ ಅವಳಿಗೆ ಹೆಸರಿಟ್ಟಳು, "ಮೂರನೇ ಕಂಬ". ಹೆಸರು ಅಂಟಿಕೊಂಡಿತು.

"ಏ ಕಂಬ, ಸೊಳ್ಳೆ ಕೂತಿದೆ ನೋಡೇ, ಅದನ್ನಾದ್ರೂ ಹಿಡಿ!"

"ಬಿಡ್ರೇ, ಪಾಪ. ಅವಳು ಆಟಕ್ಕುಂಟು ಲೆಕ್ಕಕ್ಕಿಲ್ಲ."

ಹುಡುಗಿಯೂ ನಗುತ್ತಿದ್ದಳು. ನಗದಿದ್ದರೆ ಕೂರುವುದೂ ಕಷ್ಟ.

ಮೇಷ್ಟ್ರಿಗೆ ಇದು ಕಾಣದೆ ಇರಲಿಲ್ಲ. ಸದ್ಯ ಸಾಲಿನಲ್ಲಿ ಕೂತಿದ್ದಾಳಲ್ಲ, ಅಂದುಕೊಂಡರು. ಆಟ ಮುಗಿದ ಮೇಲೆ ಮಕ್ಕಳಿಗೆ ಬೆಲ್ಲ ಹಂಚುವಾಗ ಅವಳಿಗೆ ಎಲ್ಲರಿಗಿಂತ ದೊಡ್ಡ ಚೂರು ಕೊಡುತ್ತಿದ್ದರು. ಉಳಿದ ಏಳು ಚೌಕಗಳಲ್ಲಿ ಕಾಲು ಆಡಿ ಆಡಿ ಮಣ್ಣು ನುಣುಪಾಗಿತ್ತು. ಅವಳ ಚೌಕದ ಅಂಚಿನಲ್ಲಿ ಗರಿಕೆ ಬೆಳೆದಿತ್ತು.

ಕತೆ ಇಲ್ಲಿಗೆ ಬರುವಾಗ ದಾಕ್ಷಾಯಿಣಿಯ ಬೆರಳು ಅವರೆಕಾಯಿಯ ಮೇಲೆ ನಿಂತಿತ್ತು. ನೀರಿನ ಕೊಡದ ನೆನಪಾಗಿತ್ತೋ ಏನೋ. "ಸುಲಿ, ಸುಲಿ" ಎಂದರು ಗುರುಗಳು.

ಪಕ್ಕದ ಊರಿನೊಡನೆ ಪಂದ್ಯ ಬಂತು. ಮೇಷ್ಟ್ರ ತಂಡದಲ್ಲಿ ಚಿಗರೆಯಂಥ ಹುಡುಗಿಯರಿದ್ದರು. ಗೆಲ್ಲುವುದು ತಮ್ಮದೇ ಅಂತ ಊರಿಗೆ ಊರೇ ನಂಬಿತ್ತು. ಒಬ್ಬಳಿಗೆ ಜ್ವರ ಬಂದು, ಇನ್ನೊಬ್ಬಳಿಗೆ ಅಕ್ಕನ ಮದುವೆ ಬಂದು, ಮೂರನೆಯ ಕಂಬವನ್ನು ಪಂದ್ಯಕ್ಕೂ ಕೂರಿಸಬೇಕಾಯಿತು. ಮೇಷ್ಟ್ರು ಚಿಂತಿಸಲಿಲ್ಲ. ಉಳಿದ ಎಂಟು ಮಂದಿ ಸಾಕು, ಇವಳು ಸುಮ್ಮನೆ ಕೂತಿರಲಿ ಅಂದುಕೊಂಡರು.

ಪಕ್ಕದ ಊರಿನಿಂದ ಓಡಲು ಬಂದವಳು ಒಬ್ಬ ಸಣಕಲು ಹುಡುಗಿ. ಓಟ ಅಂಥ ಜೋರೇನಲ್ಲ, ಕಣ್ಣು ಮಾತ್ರ ಚುರುಕು. ಸಾಲಿನಲ್ಲಿ ಎರಡು ಸುತ್ತು ನುಸುಳುವಷ್ಟರಲ್ಲಿ ಅವಳಿಗೆ ಗೊತ್ತಾಯಿತು. ಎಲ್ಲರೂ ಏಳುತ್ತಾರೆ, ಒಬ್ಬಳು ಏಳುವುದಿಲ್ಲ. ಹೋಗಿ ಅವಳ ಮುಂದೆ ನಿಂತುಬಿಟ್ಟಳು. ಅಟ್ಟುವವಳು ಸಾಲಿನ ಈಚೆ ಕಡೆಯಿಂದ ಓಡಿ ಬಂದಳು. ಕೈಗೆ ಸಿಗುವಂತೆ ಮೂರನೆಯ ಕಂಬದ ಬೆನ್ನಿತ್ತು. ಅಭ್ಯಾಸಬಲ, ಅದನ್ನು ದಾಟಿಕೊಂಡು ಮುಂದಕ್ಕೆ ಹೋಗಿ ಇನ್ನೊಬ್ಬಳಿಗೆ ಖೋ ಕೊಟ್ಟಳು. ಅಷ್ಟರಲ್ಲಿ ಸಣಕಲಿ ಸಾವಕಾಶವಾಗಿ ಈಚೆ ನುಸುಳಿ, ಅಟ್ಟುವವರು ಈಚೆ ಬರುವಾಗ ಮತ್ತೆ ಆಚೆ ಹೋಗಿ, ಅಲ್ಲೇ ಬಂದು ನಿಂತಳು. ಉಸಿರು ತೆಗೆದುಕೊಂಡಳು. ಬಿಚ್ಚಿಹೋಗಿದ್ದ ಜಡೆಯ ತುದಿಗೆ ರಿಬ್ಬನ್ನನ್ನೂ ಕಟ್ಟಿಕೊಂಡಳು.

"ಅಕ್ಕಾ, ನಿನ್ನ ಮುಂದೆ ಒಳ್ಳೇ ನೆರಳಿದೆ ಕಣಕ್ಕಾ" ಎಂದಳು.

ಮೇಷ್ಟ್ರ ತಂಡ ಸೋತಿತು.

ದಾರಿಯುದ್ದಕ್ಕೂ ಮಕ್ಕಳು ಮೂರನೆಯ ಕಂಬವನ್ನು ಬೈದರು. ಮೇಷ್ಟ್ರು ಒಳ್ಳೆಯವರಾದ್ದರಿಂದ ಬೈಯಲಿಲ್ಲ. ಊರು ಹತ್ತಿರವಾದಾಗ ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು.

"ಅಲ್ಲಮ್ಮ, ಮೂಗಿನ ಮುಂದೆಯೇ ಬಂದು ನಿಂತಿದ್ದಳಲ್ಲ. ಎದ್ದು ಮುಟ್ಟಬಾರದಾಗಿತ್ತೇ?"

"ಯಾರೂ ಖೋ ಅನ್ನದೆ ಎದ್ದರೆ ಫೌಲು ಅಲ್ವಾ ಮೇಷ್ಟ್ರೇ?" ಎಂದಳು ಹುಡುಗಿ. "ನೀವೇ ಹೇಳಿಕೊಟ್ಟಿದ್ದು."

ಮೇಷ್ಟ್ರ ಕೈ ತಾನಾಗಿ ಜೇಬಿಗೆ ಹೋಯಿತು. ಅಲ್ಲಿ ಬೆಲ್ಲದ ಪೊಟ್ಟಣವಿತ್ತು. ಹೊರಗೆ ತೆಗೆಯಲು ನಾಚಿಕೆಯಾಯಿತು.

ಮಾರನೆಯ ದಿನ ಹುಡುಗಿ ಬರಲಿಲ್ಲ. ಮಕ್ಕಳು, "ಪೀಡೆ ತೊಲಗಿತು, ಇನ್ನು ಚೆನ್ನಾಗಿ ಆಡೋಣ ಮೇಷ್ಟ್ರೇ" ಎಂದರು. ಮೇಷ್ಟ್ರು ಸೀಟಿಯನ್ನು ಕಂಬಕ್ಕೆ ನೇತುಹಾಕಿ ಅವಳ ಮನೆಗೆ ಹೋದರು. ಹುಡುಗಿ ಕಿಟಕಿಯಲ್ಲಿದ್ದಳು.

"ಬಾರಮ್ಮ ಅಂಗಳಕ್ಕೆ."

"ಕೂರೋಕಾ, ಮೇಷ್ಟ್ರೇ?"

"ಏಳೋಕೆ" ಎಂದರು ಮೇಷ್ಟ್ರು.

ಅಂದಿನಿಂದ ಅಭ್ಯಾಸಕ್ಕೆ ಒಂದು ಹೊಸ ಕಟ್ಟಳೆ ಬಂತು. ಸಾಲಿನಲ್ಲಿ ಎಲ್ಲರಿಗೂ ಒಂದೊಂದು ಖೋ ಸಿಗುವ ತನಕ ಯಾರಿಗೂ ಎರಡನೆಯ ಖೋ ಇಲ್ಲ. ತಂಡದಲ್ಲಿ ಎಲ್ಲರಿಗಿಂತ ಬಿರುಸಾಗಿ ಓಡುವವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದೊಳ್ಳೆ ನ್ಯಾಯ ಮೇಷ್ಟ್ರೇ! ಹಿಡಿಯಬೇಕಾದವಳು ಆ ತುದೀಲಿ ಓಡ್ತಿರ್ತಾಳೆ. ನಾನು ಈ ಕಂಬವನ್ನ ಎಬ್ಬಿಸ್ತಾ ಕೂರಬೇಕಾ? ಹಿಂಗಾದ್ರೆ ಯಾರನ್ನ ಹಿಡಿಯೋದು?"

"ಎದುರಾಳಿಯನ್ನು ಪಂದ್ಯದಲ್ಲಿ ಹಿಡಿಯುವೆಯಂತೆ. ಇಲ್ಲಿ ನಿಮ್ಮವಳನ್ನು ಹಿಡಿದುಕೊಳ್ಳುವುದನ್ನು ಕಲಿ" ಎಂದರು ಮೇಷ್ಟ್ರು.

ಮೊದಮೊದಲು ಅಂಗಳದಲ್ಲಿ ಆಟಕ್ಕಿಂತ ಸೀಟಿಯೇ ಹೆಚ್ಚು ಕೇಳಿಸಿತು. ಹುಡುಗಿ ತಪ್ಪು ಕಡೆಗೆ ತಿರುಗಿದಳು, ಎಡವಿದಳು, ತಡವಾಗಿ ಎದ್ದಳು. ಮಕ್ಕಳು ಹಲ್ಲು ಕಡಿದರು. ಇಬ್ಬರು ತಾಯಂದಿರು ಬಂದು ಮೇಷ್ಟ್ರಿಗೆ ತಲೆ ಕೆಟ್ಟಿದೆಯೇ ಎಂದು ವಿಚಾರಿಸಿಕೊಂಡು ಹೋದರು. ಮೇಷ್ಟ್ರು ಕಟ್ಟಳೆ ಸಡಿಲಿಸಲಿಲ್ಲ. ಬೆಲ್ಲದ ವಿಷಯದಲ್ಲಿ ಮಾತ್ರ ಒಂದು ಬದಲಾವಣೆ ಮಾಡಿದರು. ಹುಡುಗಿಯ ಚೂರು ಎಲ್ಲರಷ್ಟೇ ಆಯಿತು. ಅಂಗೈಯಲ್ಲಿ ಅದನ್ನು ನೋಡಿಕೊಂಡು ಅವಳು ನಕ್ಕಳು. ಅದು ಹಿಂದಿನ ನಗುವಾಗಿರಲಿಲ್ಲ.

ಅವಳ ಓಟ ಕೊನೆಗೂ ಚಿಗರೆಯ ಓಟವಾಗಲಿಲ್ಲ. ಏಳುವುದು ಬಂತು. ಎದ್ದ ತಕ್ಷಣ ನಾಲ್ಕು ಹೆಜ್ಜೆ ನುಗ್ಗಿ, ಎದುರಾಳಿಯನ್ನು ಆಚೆಗೆ ಅಟ್ಟಿ, ಹತ್ತಿರದವಳ ಬೆನ್ನು ತಟ್ಟಿ ಖೋ ಅನ್ನುವುದು ಬಂತು. ಬಿರುಸಾಗಿ ಓಡುವ ಹುಡುಗಿಯರಿಗೆ ತಾವೇ ಹಿಡಿಯಬೇಕೆಂಬ ಹಟ. ಬೆನ್ನು ಸಿಕ್ಕರೂ ಖೋ ಕೊಡದೆ ಓಡಿ ಏದುಸಿರು ಬಿಡುತ್ತಿದ್ದರು. ಇವಳಿಗೆ ಆ ಹಟವಿರಲಿಲ್ಲ. ಇವಳ ಕೈಯಿಂದ ಖೋ ಬೇಗ ಬೇಗ ಬರುತ್ತಿತ್ತು. ಅದನ್ನು ಮೊದಲು ಗಮನಿಸಿದವಳು ಸೊಂಟದ ಮೇಲೆ ಕೈಯಿಟ್ಟು ನಿಂತವಳೇ. "ಏ, ಇವಳ ಪಕ್ಕ ನನ್ನ ಕೂರಿಸ್ರೇ" ಎಂದು ಜಾಗಕ್ಕೆ ಜಗಳವಾಡಿದಳು. ಗರಿಕೆ ಯಾವಾಗ ಸವೆದುಹೋಯಿತೋ ಯಾರೂ ನೋಡಲಿಲ್ಲ.

ಮುಂದಿನ ವರ್ಷ ಅದೇ ಊರಿನೊಡನೆ ಪಂದ್ಯ. ಈ ಸಲ ಯಾರಿಗೂ ಜ್ವರವಿರಲಿಲ್ಲ, ಯಾರ ಅಕ್ಕನಿಗೂ ಮದುವೆಯಿರಲಿಲ್ಲ. ಆದರೂ ಮೇಷ್ಟ್ರು ಅವಳನ್ನು ಕೂರಿಸಿದರು. ಅದೇ ಸಣಕಲಿ ಓಡಲು ಬಂದಳು. ಸುತ್ತು ಹಾಕಿದಳು, ದಣಿದಳು. ಹಳೆಯ ಗೆಳತಿಯನ್ನು ಕಂಡು ಖುಷಿಯಿಂದ ಬಂದು ಮುಂದೆ ನಿಂತಳು. "ಏನಕ್ಕಾ, ಚೆನ್ನಾಗಿದ್ದೀಯಾ?" ಅಂದಳು.

ಬೆನ್ನ ಹಿಂದಿನಿಂದ "ಖೋ" ಕೇಳಿಸಿತು.

ಗುರುಗಳು ಒಂದು ಹುಳುಕು ಕಾಯನ್ನು ಆರಿಸಿ ಅಂಗಳಕ್ಕೆ ಎಸೆದರು. ದಾಕ್ಷಾಯಿಣಿಗೆ ತಡೆಯಲಾಗಲಿಲ್ಲ.

"ಹಿಡಿದಳೇ, ಗುರುಗಳೇ?"

"ಇಲ್ಲ. ಕೈ ಒಂದು ಗೇಣು ಆಚೆ ಗಾಳಿಗೆ ಹೋಯಿತು. ಸಣಕಲಿ ಕಿಟಾರನೆ ಕಿರುಚಿ ತಪ್ಪಿಸಿಕೊಂಡಳು. ಆಮೇಲೆ ಇಡೀ ಅಂಗಳದಲ್ಲಿ ನಿಲ್ಲಲು ಒಂದು ಜಾಗ ಹುಡುಕಿದಳು. ಎಲ್ಲೂ ಸಿಗಲಿಲ್ಲ."

"ಹಾಗಾದರೆ ಅವಳನ್ನು ಬೇರೆ ಯಾರೋ ಹಿಡಿದಿರಬೇಕು."

"ಹಿಡಿದರು. ಯಾರು ಅಂತ ಯಾರಿಗೂ ನೆನಪಿಲ್ಲ. ಅಷ್ಟು ಬೇಗ ಬೇಗ ಖೋ ಕೈ ಬದಲಾಯಿಸಿತ್ತು."

ದಾಕ್ಷಾಯಿಣಿ ನಿಟ್ಟುಸಿರು ಬಿಟ್ಟಳು. ತನ್ನ ತೀರ್ಮಾನ ಸಿಕ್ಕಿತು ಅನ್ನಿಸಿತು. ಸುಲಿದ ಕಾಳನ್ನೆಲ್ಲ ಒಟ್ಟುಮಾಡಿ ಗುರುಗಳ ಮೊರಕ್ಕೆ ಹಾಕಿದಳು.

"ಅರ್ಥವಾಯಿತು, ಗುರುಗಳೇ. ಆ ತಾಯಂದಿರ ಮಾತು ಕೇಳುವುದಿಲ್ಲ. ಇಂಚರಳನ್ನು ಬಿಡಿಸುವುದಿಲ್ಲ. ಇದುವರೆಗೆ ಹೇಗೆ ಕೂರಿಸಿದ್ದೆನೋ ನಾಳೆಯೂ ಹಾಗೆಯೇ ಕೂರಿಸುತ್ತೇನೆ."

ಕೈ ಮುಗಿದು ಜಗಲಿ ಇಳಿದಳು. ನಾಲ್ಕು ಹೆಜ್ಜೆ ಹೋಗಿರಬೇಕು. ಹಿಂದಿನಿಂದ ಗುರುಗಳು ಕೂಗಿದರು.

"ದಾಕ್ಷಾಯಿಣಿ, ನಿನ್ನ ಅಂಗಳದಲ್ಲಿ ಕಂಬಗಳು ಎಷ್ಟಿವೆ?"

ಎರಡು ಎನ್ನಲು ಬಾಯಿ ತೆರೆದವಳು ಹಾಗೆಯೇ ನಿಂತಳು.