ಸುರಹೊನ್ನೆ ತೋಪಿನ ದಾರಿ

ಕಡಲ ದಂಡೆಯ ಆಶ್ರಮದ ಹಿಂದೆ ಸುರಹೊನ್ನೆ ಮರಗಳ ತೋಪಿತ್ತು. ಆ ಸೀಮೆಯಲ್ಲಿ ಬೇರೆಲ್ಲೂ ಉಳಿಯದ ಹಳೆಯ ಮರಗಳು ಅಲ್ಲಿ ಹನ್ನೊಂದು ಉಳಿದಿದ್ದವು.

ಹೊಳೆಯಾಚೆಯ ಊರಿನವರಿಗೆ ದೋಣಿ ಕಟ್ಟಲು ಮರ ಬೇಕಿತ್ತು. ಆ ಮರಗಳನ್ನು ಕಡಿಯಬಹುದೋ ಬಾರದೋ ಎಂದು ನೋಡಿ ಹೇಳಲು ಊರಿನ ಹಿರಿಯಳು ನಾಗವೇಣಿ ಬರುವವಳಿದ್ದಳು.

"ದಾರಿ ಒಪ್ಪ ಮಾಡು," ಎಂದರು ಗುರುಗಳು.

ಶಿಷ್ಯ ಸುಬ್ರಾಯನಿಗೆ ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡುವ ಚಟ. ಕಾಲುದಾರಿಯ ಎರಡೂ ಬದಿಯನ್ನು ಗುದ್ದಲಿಯಿಂದ ಕೆತ್ತಿ ಅಂಗಳದಂತೆ ಮಾಡಿದ. ಕಸದ ಬುಟ್ಟಿಯನ್ನು ಹೊಳೆಗೆ ಸುರಿಯುವಾಗ ನೋಡಿದರೆ, ಹುಲ್ಲಿನ ನಡುವೆ ಎರಡೆಲೆಯ ಸಸಿಗಳು. ಬೇರಿಗೆ ಸುರಹೊನ್ನೆಕಾಯಿಯ ಚಿಪ್ಪು ಇನ್ನೂ ಅಂಟಿಕೊಂಡಿತ್ತು. ಇಳಿತದ ನೀರು ಅಷ್ಟನ್ನೂ ಕಡಲಿಗೆ ಎಳೆದೊಯ್ದಿತು.

ಅವನು ಯಾರಿಗೂ ಹೇಳಲಿಲ್ಲ.

ನಾಗವೇಣಿ ಬಂದಳು. ಸುಬ್ರಾಯ ಮುಂದೆ, ಗುರುಗಳು ಹಿಂದೆ. ತೋಪಿನ ತುದಿಯವರೆಗೆ ನಡೆದು ಅವಳು ನಿಂತಳು.

"ದಾರಿ ಚಂದ ಇಟ್ಕಂಡಿದ್ರಿ. ಆದ್ರೆ ಒಂದ್ ಸಸಿನೂ ಕಾಣುದಿಲ್ಲ ಅಲ್ದಾ?"

"ಮರಗಳು ಗೊಡ್ಡಾಗಿವೆ ತಾಯಿ," ಅಂದುಬಿಟ್ಟ ಸುಬ್ರಾಯ. "ಕಾಯಿ ಬಿದ್ದರೂ ಮೊಳೆಯುವುದಿಲ್ಲ."

"ಹಾಂಗಾದ್ರೆ ಉಳ್ಸಿ ಎಂತ ಮಾಡುದು? ಊರಲ್ಲಿ ಹಾಂಗೇ ಹೇಳ್ತೆ."

ಅವಳು ಹೊಳೆಯ ಕಡೆ ಹೊರಟಳು.

ಗುರುಗಳು ಕುಕ್ಕರಗಾಲಲ್ಲಿ ಕೂತು, ಕೆತ್ತಿದ ಮಣ್ಣನ್ನು ಅಂಗೈಯಿಂದ ಸವರಿದರು.

"ಮೊನ್ನೆ ಇಲ್ಲಿ ಹದಿನಾರು ಸಸಿ ಇದ್ದವು."

ಸುಬ್ರಾಯನ ಮುಖ ಕಪ್ಪಿಟ್ಟಿತು. ಸಸಿ ಕಿತ್ತದ್ದು ಕಣ್ತಪ್ಪಿನಿಂದ. ಆದರೆ ತನ್ನ ತಪ್ಪನ್ನು ಬಾಯಿಲ್ಲದ ಮರದ ತಲೆಗೆ ಕಟ್ಟಿದ್ದು? ನೆಲ ಬಿರಿದು ನುಂಗಬಾರದೇ ಅನ್ನಿಸಿತು ಅವನಿಗೆ.

"ನಾನೇ ಕಿತ್ತೆ. ಗೊತ್ತಿದ್ದೂ ಸುಳ್ಳು ಹೇಳಿದೆ. ಕ್ಷಮಿಸಿ," ಎಂದು ಕಾಲಿಗೆ ಬಿದ್ದ.

ಗುರುಗಳು ಕಾಲು ಹಿಂದಕ್ಕೆಳೆದುಕೊಂಡರು.

"ಗೊಡ್ಡು ಅಂದದ್ದು ನನಗಾ?"

ಸುಬ್ರಾಯ ಎದ್ದು ಹತ್ತಿರದ ಮರಕ್ಕೆ ಹಣೆ ಹಚ್ಚಿದ. ನಾಚಿಕೆಗೆ ಅಳು ಬಂತು, ಅತ್ತ. ಅತ್ತ ಮೇಲೆ ಮನಸ್ಸು ತುಸು ಹಗುರವಾಯಿತು. ಕಣ್ಣೊರೆಸಿಕೊಂಡು ಗುರುಗಳತ್ತ ತಿರುಗಿದ.

"ಮರ ಕ್ಷಮಿಸಿತೇ, ಗುರುಗಳೇ?"

"ಅದಕ್ಕೆ ಕಿವಿ ಇದೆಯೋ ಇಲ್ಲವೋ ನಾನರಿಯೆ," ಎಂದರು ಗುರುಗಳು. "ನಾಗವೇಣಿಗೆ ಇದೆ. ಅವಳ ದೋಣಿ ಇನ್ನೂ ದಡ ಬಿಟ್ಟಿಲ್ಲ, ಓಡು."